ಲೊಕೇಶನ್ ಏಳು, ಪಾತ್ರ ಆರು, ದುಡ್ಡು ಹದಿನೈದು ಸಾವಿರ: ನಮ್ಮ ಹಾಡಿನ ವಿಡಿಯೊ ಪ್ಲಾನ್ ನೋಡಿ ಹೇಳಿ

ಹೊಳೆಬದಿ_ಹುಡುಗ:
ನಮಸ್ಕಾರ ಎಲ್ಲರಿಗೂ. ನಾವು ಐದು ಜನ, ಡಿಗ್ರಿ ಕೊನೇ ವರ್ಷ. ಎಲ್ಲರ ಊರೂ ಸಾಗರದ ಸುತ್ತಮುತ್ತ. ಕಾಲೇಜಿನ ಪ್ರಾಜೆಕ್ಟ್‌ಗೆ ಒಂದು ಹಾಡಿನ ವಿಡಿಯೊ ಮಾಡಬೇಕು, ಮೇ 10ಕ್ಕೆ ಕೊಡಬೇಕು. ಹಾಡು ನಮ್ಮದೇ. ಬರೆದವಳು ನಮ್ಮ ಕ್ಲಾಸಿನವಳು, ರಾಗ ಹಾಕಿದವನು ನಮ್ಮ ಗಿಟಾರ್ ಹುಡುಗ. ಉದ್ದ 3 ನಿಮಿಷ 50 ಸೆಕೆಂಡ್. ಊರು ಬಿಟ್ಟು ಬೆಂಗಳೂರಿಗೆ ಹೋಗುವ ಹುಡುಗನ ಬಗ್ಗೆ. ಹೊಳೆ, ಹಿನ್ನೀರು ದಾಟಿಸುವ ಲಾಂಚ್, ಮಳೆ ಎಲ್ಲಾ ಇದೆ.

ಲೊಕೇಶನ್ ಹೀಗೆ ಅಂದುಕೊಂಡಿದ್ದೇವೆ: ಜೋಗ, ಇಕ್ಕೇರಿ ದೇವಸ್ಥಾನ, ಹೊಳೆಬಾಗಿಲಿನ ಲಾಂಚ್, ಪಕ್ಕದ ಹೊಸ ಸೇತುವೆ, ಹೊನ್ನೆಮರಡು, ತಾಳಗುಪ್ಪ ರೈಲ್ವೆ ಸ್ಟೇಷನ್, ಆಮೇಲೆ ಒಂದು ತೋಟದ ಮನೆ. ಪಾತ್ರಗಳು: ನಾಯಕ, ನಾಯಕಿ, ನಾಯಕನ ಅಜ್ಜಿ, ಲಾಂಚ್ ಓಡಿಸುವವರು, ಒಬ್ಬ ಗೆಳೆಯ, ಒಬ್ಬ ಪೋಸ್ಟ್‌ಮ್ಯಾನ್. ಶೂಟಿಂಗ್ ಏಪ್ರಿಲ್ ಎರಡನೇ ವಾರ, ಎರಡು ದಿನ. ದುಡ್ಡು 15 ಸಾವಿರ, ಅದರಲ್ಲಿ ಕ್ಯಾಮೆರಾ ಬಾಡಿಗೆಯೂ ಬರಬೇಕು. ಏನಾದರೂ ಬಿಟ್ಟುಹೋಗಿದೆಯಾ?

ಉಂಬಳ77:
ಬಿಟ್ಟುಹೋಗಿರುವುದು ಮಳೆ. ಏಪ್ರಿಲ್‌ನಲ್ಲಿ ಮಳೆ ಎಲ್ಲಿಂದ ತರ್ತೀಯಾ ಮಾರಾಯ?

ಅಡಿಕೆಮರ:
ಜೋಗವೂ ಬಿಟ್ಟುಹೋಗಿದೆ. ಏಪ್ರಿಲ್‌ನಲ್ಲಿ ಅಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿದರೆ ನಮ್ಮನೆ ಬಚ್ಚಲಿನ ನಲ್ಲಿಯಷ್ಟು ನೀರು. 830 ಅಡಿ ಒಣ ಬಂಡೆ ತೋರಿಸಿ 'ಊರಿನ ನೆನಪು' ಅಂದರೆ ನೋಡಿದವರು ನಗ್ತಾರೆ.

ಫೋಕಸ್_ತಪ್ಪಿದವ:
ಮೊದಲು ಲೆಕ್ಕ ಹಾಕೋಣ. 3 ನಿಮಿಷ 50 ಸೆಕೆಂಡ್ ಅಂದರೆ 230 ಸೆಕೆಂಡ್. ಒಂದು ಶಾಟ್ ಸರಾಸರಿ 3 ಸೆಕೆಂಡ್ ನಿಂತರೂ 75ಕ್ಕಿಂತ ಜಾಸ್ತಿ ಶಾಟ್ ಬೇಕು. ಕ್ಯಾಮೆರಾ ಇಡೋದು, ರಿಹರ್ಸಲ್, ಮೂರು ಟೇಕ್ ಎಲ್ಲಾ ಸೇರಿ ಒಂದು ಶಾಟಿಗೆ 15 ನಿಮಿಷ ಅಂದುಕೊಳ್ಳಿ. ಅದೇ 19 ಗಂಟೆ ಆಯ್ತು. ಅದು ಎಲ್ಲರೂ ಒಂದೇ ಜಾಗದಲ್ಲಿ ನಿಂತಿದ್ದರೆ.

ನಿಮ್ಮ ಪಟ್ಟಿಯಲ್ಲಿ ಏಳು ಜಾಗ. ಸಾಗರದಿಂದ ಜೋಗಕ್ಕೆ ಸುಮಾರು 30 ಕಿಲೋಮೀಟರ್. ಹೊಳೆಬಾಗಿಲು ಬೇರೆ ದಾರಿ. ಇಕ್ಕೇರಿ ಹತ್ತಿರವೇ ಇದೆ, ಆದರೆ ಅದೂ ಮತ್ತೊಂದು ಕಡೆಗೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದು ಅಂದರೆ ಬರೀ ಡ್ರೈವಿಂಗ್ ಅಲ್ಲ. ಸಾಮಾನು ಕಟ್ಟಬೇಕು, ಒಬ್ಬ ಟೀ ಕುಡಿಯೋಕೆ ಹೋಗಿರ್ತಾನೆ, ಅವನನ್ನು ಹುಡುಕಬೇಕು, ಮತ್ತೆ ಬಿಚ್ಚಬೇಕು. ಪ್ರತಿ ಸಲ ಎರಡು ಗಂಟೆ ಹೋಯ್ತು ಅಂತಲೇ ಲೆಕ್ಕ. ಎರಡು ದಿನದಲ್ಲಿ ಎರಡು ಜಾಗ. ಮೂರನೆಯದು ಬೇಕು ಅಂದರೆ ಅದು ಮೊದಲಿನ ಎರಡರ ನಡುದಾರಿಯಲ್ಲಿ ಇರಬೇಕು.

ಹೊಳೆಬದಿ_ಹುಡುಗ:
ಅಣ್ಣ, ಎರಡೇ ಜಾಗದಲ್ಲಿ ಮಾಡಿದರೆ ಬೋರ್ ಆಗಲ್ವಾ? ಬೇರೆ ಕಾಲೇಜಿನವರ ವಿಡಿಯೊದಲ್ಲಿ ಪ್ರತಿ ಸಾಲಿಗೂ ಒಂದೊಂದು ಜಾಗ ಇರುತ್ತೆ.

ಫೋಕಸ್_ತಪ್ಪಿದವ:
ಅದರಲ್ಲಿ ಒಂದಾದರೂ ಜಾಗ ಈಗ ನಿನಗೆ ನೆನಪಿದೆಯಾ?

ಹೊಳೆಬದಿ_ಹುಡುಗ:
ಇಲ್ಲ. 😐

ಶಾಲೆ_ಬಿಟ್ಟ_ಮಾಸ್ತರು:
ಇಕ್ಕೇರಿಯ ಬಗ್ಗೆ ಒಂದು ಮಾತು. ಅಘೋರೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮೊಬೈಲಿನಲ್ಲಿ ಫೋಟೊ ತೆಗೆದರೆ ಯಾರೂ ಏನೂ ಅನ್ನೋದಿಲ್ಲ. ಟ್ರೈಪಾಡ್ ನಿಲ್ಲಿಸಿ, ಸ್ಪೀಕರಿನಲ್ಲಿ ಹಾಡು ಹಾಕಿ, ಒಬ್ಬನನ್ನು ಕುಣಿಸಿದರೆ ಅದು ಚಿತ್ರೀಕರಣ ಆಗುತ್ತದೆ. ಅದಕ್ಕೆ ಮೊದಲೇ ಅನುಮತಿ ಬೇಕು, ಶುಲ್ಕವೂ ಇದೆ. ಕಾವಲಿನವರ ಹತ್ತಿರ 'ಸುಮ್ನೆ ಎರಡು ನಿಮಿಷ ಸಾರ್' ಅಂತ ಗೋಗರೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ. ಅವರ ಕೆಲಸಕ್ಕೂ ತೊಂದರೆ.

ರೈಲುಬಸ್_ಪ್ರೇಮಿ:
ತಾಳಗುಪ್ಪ ಸ್ಟೇಷನ್ನಿಗೂ ಅದೇ ಮಾತು. ರೈಲ್ವೆಯಿಂದ ಅನುಮತಿ ತಗೋಬೇಕು. ಹಳಿ ಮೇಲೆ ನಡೆಯುವ ಶಾಟ್ ಅಂತೂ ಬೇಡವೇ ಬೇಡ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೂ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಕಾಯ್ದೆ ಬಿಡಿ, ರೈಲು ಬರುವುದು ಗೊತ್ತೇ ಆಗಲ್ಲ.

ಹಾಗೇ ಒಂದು ಹಳೇ ನೆನಪು. ಈ ಲೈನಿನಲ್ಲಿ ಮೀಟರ್ ಗೇಜ್ ಇದ್ದಾಗ ರೈಲುಬಸ್ ಓಡ್ತಿತ್ತು. ನೋಡೋಕೆ ಬಸ್ಸು, ಓಡೋದು ಹಳಿ ಮೇಲೆ. ನಾನು ಹೈಸ್ಕೂಲಿಗೆ ಹೋಗ್ತಿದ್ದುದೇ ಅದರಲ್ಲಿ. ಕೈ ಅಡ್ಡ ಹಾಕಿದರೆ ನಿಲ್ಲಿಸ್ತಾರೆ ಅಂತ ಅಜ್ಜ ಹೇಳಿದ್ದನ್ನು ನಂಬಿ ಒಂದು ದಿನ ಅಡ್ಡ ಹಾಕಿದ್ದೆ. ಬೈಸಿಕೊಂಡಿದ್ದೂ ಬೈಸಿಕೊಂಡಿದ್ದೇ.

ಅಡಿಕೆಮರ:
ಆ ರೈಲುಬಸ್ಸಿನ ಫೋಟೊ ಇದ್ದರೆ ಹಾಕಿ ಮಾರ್ರೆ. ನಾನು ಒಂದೇ ಸಲ ಹತ್ತಿದ್ದು.

ಉಂಬಳ77:
ರೈಲ್ವೆ ಸ್ಟೇಷನ್ ಬೇಕೇ ಬೇಕು ಅಂದರೆ ಅರಸಾಳು ಚೆನ್ನಾಗಿದೆ. ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ರೈಲುಬಸ್_ಪ್ರೇಮಿ:
ಅದೇ ತೊಂದರೆ. ಅರಸಾಳು ತೋರಿಸಿದ ಕೂಡಲೇ ಎಲ್ಲರಿಗೂ ಅಲ್ಲಿ ತೆಗೆದ ಹಳೇ 'ಮಾಲ್ಗುಡಿ ಡೇಸ್' ಧಾರಾವಾಹಿ ನೆನಪಾಗುತ್ತೆ. ಇವರ ಹುಡುಗ ಯಾರು, ಎಲ್ಲಿಗೆ ಹೊರಟ ಅಂತ ಯಾರೂ ನೋಡಲ್ಲ. ಅಷ್ಟು ಹೆಸರಾದ ಜಾಗ ಬೇರೆಯವರ ಕಥೆಯನ್ನು ಜೊತೆಗೇ ಹೊತ್ತುಕೊಂಡು ಬರುತ್ತೆ.

ಹೊಳೆಬದಿ_ಹುಡುಗ:
ಸರಿ. ಜೋಗ, ಇಕ್ಕೇರಿ, ತಾಳಗುಪ್ಪ ಮೂರೂ ಹೊರಗೆ. ಲಾಂಚ್ ಮಾತ್ರ ಬಿಡಲ್ಲ. ಹಾಡಿನ ಜೀವವೇ ಅದು.

ತುಮರಿ_ಕಡೆಯವಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. 'ಲಾಂಚ್ ಹಾಡಿನ ಜೀವ' ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ತಮ್ಮಾ, ನಿಮಗೆ ಲಾಂಚ್ ಅಂದರೆ ಚಂದದ ಶಾಟ್. ಕಂಬಿ ಹಿಡಿದು ನಿಂತ ಹುಡುಗ, ಗಾಳಿಗೆ ಹಾರುವ ಕೂದಲು. ನಾನು ಹುಟ್ಟಿದ್ದು ಆಚೆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಕಟ್ಟಿದ ಮೇಲೆ ನಮ್ಮ ಕಡೆಯವರಿಗೆ ಸಾಗರ ಅನ್ನೋದು ಹೊಳೆಯಾಚೆಯ ಊರು. ಕೊನೇ ಲಾಂಚ್ ತಪ್ಪಿದರೆ ರಾತ್ರಿ ದಡದಲ್ಲೇ, ಇಲ್ಲಾಂದರೆ ಊರೆಲ್ಲಾ ಸುತ್ತಿ ಬರಬೇಕು. ನನ್ನ ಅಮ್ಮನಿಗೆ ಒಂದು ಸಲ ರಾತ್ರಿ ಹೊಟ್ಟೆನೋವು ಬಂತು. ಜೀಪಿನಲ್ಲಿ ಮಲಗಿಸಿಕೊಂಡು ದಡಕ್ಕೆ ಬಂದೆವು. ಆಚೆ ದಡದಲ್ಲಿ ಲಾಂಚಿನ ಲೈಟ್ ಕಾಣುತ್ತಿತ್ತು. ಅಪ್ಪ ಜೀಪಿನ ಹೆಡ್‌ಲೈಟ್ ಹಾಕೋದು, ಆರಿಸೋದು, ಹಾಕೋದು, ಆರಿಸೋದು. ನಾನು ಹಿಂದಿನ ಸೀಟಿನಲ್ಲಿ ಅಮ್ಮನ ಕಾಲು ಒತ್ತುತ್ತಾ ಎಣಿಸುತ್ತಿದ್ದೆ. ನಲವತ್ತಮೂರನೇ ಸಲಕ್ಕೆ ಆ ಕಡೆ ಎಂಜಿನ್ ಶುರುವಾದ ಸದ್ದು ಕೇಳಿತು. ಅಮ್ಮ ಬದುಕಿದಳು, ಈಗಲೂ ಇದ್ದಾಳೆ.

2025ರ ಜುಲೈ 14ಕ್ಕೆ ಸೇತುವೆ ಶುರುವಾದಾಗ ನಮ್ಮೂರಿನವರು ಅತ್ತರು. ಲಾಂಚ್ ನಿಲ್ಲುತ್ತೆ ಅನ್ನುವ ದುಃಖಕ್ಕಲ್ಲ. ಪೇಟೆಯಿಂದ ಬಂದವರು ಮಾತ್ರ 'ಅಯ್ಯೋ ಆ ಚಂದ ಹೋಯ್ತಲ್ಲಾ' ಅಂತಿದ್ದರು. ಮಾಡಿ ವಿಡಿಯೊ, ಬೇಡ ಅನ್ನಲ್ಲ. ಆದರೆ ಲಾಂಚಿನಲ್ಲಿ ನಿಂತಿರುವವನು ಯಾರು ಅಂತ ಮೊದಲು ನಿಮಗೆ ಗೊತ್ತಿರಲಿ.

ಉಂಬಳ77:
🙏

ಫೋಕಸ್_ತಪ್ಪಿದವ:
ಅಕ್ಕ, ಹೆಡ್‌ಲೈಟ್ ಹಾಕಿ ಆರಿಸೋದು. ಇದಕ್ಕಿಂತ ದೊಡ್ಡ ಶಾಟ್ ಏನು ಬೇಕು?

ಅಡಿಕೆಮರ:
ಎಲ್ಲರೂ ಭಾವುಕರಾಗುವ ಮೊದಲು ಒಂದು ವಿಷಯ. ಸೇತುವೆ ಆದಮೇಲೆ ಹೊಳೆಬಾಗಿಲಿನಲ್ಲಿ ಲಾಂಚ್ ಮೊದಲಿನಂತೆ ಸಿಗುತ್ತೆ ಅಂತ ನಂಬಿಕೊಂಡು ಕ್ಯಾಮೆರಾ ಬಾಡಿಗೆಗೆ ತರಬೇಡಿ. ಮೊದಲು ಹೋಗಿ ವಿಚಾರಿಸಿ. ಹಸಿರುಮಕ್ಕಿ, ಮುಪ್ಪಾನೆ ಕಡೆಯೂ ಲಾಂಚ್ ಇದೆ, ಆದರೆ ಬೇಸಿಗೆಯಲ್ಲಿ ನೀರು ಇಳಿದರೆ ನಿಲ್ಲಿಸಿಬಿಡುತ್ತಾರೆ. ಮುಪ್ಪಾನೆ ಕಾಡಿನ ಒಳಗೆ, ಅರಣ್ಯ ಇಲಾಖೆಯನ್ನೂ ಕೇಳಬೇಕು. ಒಟ್ಟಿನಲ್ಲಿ ಏಪ್ರಿಲ್‌ನಲ್ಲಿ ಲಾಂಚ್ ಶಾಟ್ ಅನ್ನೋದು ಮದುವೆ ದಿನ ವರನನ್ನು ಹುಡುಕಿದ ಹಾಗೆ.

ಹೊಳೆಬದಿ_ಹುಡುಗ:
ಅಕ್ಕ, ಓದಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಐದು ಜನರಲ್ಲಿ ಯಾರೂ ಆಚೆ ದಡದವರಲ್ಲ. ಸಿಗಂದೂರಿಗೆ ಹೋಗುವಾಗ ಲಾಂಚ್ ಹತ್ತಿದ್ದಷ್ಟೇ.

ನಾಟಕದ_ಹುಚ್ಚು:
ನಾನು ಪಾತ್ರಗಳ ಕಡೆಯಿಂದ ಹೇಳ್ತೀನಿ. ಹಾಡಿನ ವಿಡಿಯೊದಲ್ಲಿ ಮಾತು ಇರಲ್ಲ. 'ಇವನು ಗೆಳೆಯ' ಅಂತ ನೋಡುವವರಿಗೆ ಯಾರು ಹೇಳ್ತಾರೆ? ಪೋಸ್ಟ್‌ಮ್ಯಾನ್ ಬಂದು ಕಾಗದ ಕೊಟ್ಟ, ಸರಿ, ಈಗ ಯಾವ ಹುಡುಗನಿಗೆ ಕೆಲಸದ ಆರ್ಡರ್ ಪೋಸ್ಟಿನಲ್ಲಿ ಬರುತ್ತೆ? ಇಮೇಲ್ ಬರುತ್ತೆ. ಅವನನ್ನು ಮನೆಗೆ ಕಳಿಸಿ.

ಮಾತಿಲ್ಲದ ಕಡೆ ಪಾತ್ರ ಗೊತ್ತಾಗೋದು ಮೂರರಿಂದ. ಕೈಯಲ್ಲಿ ಏನಿದೆ, ಕಾಲಲ್ಲಿ ಏನಿದೆ, ಬಾಗಿಲು ದಾಟುವಾಗ ಹೇಗೆ ದಾಟುತ್ತಾನೆ. ನಿಮ್ಮ ನಾಯಕ ಯಾವ ಚೀಲ ಹಿಡಿದಿದ್ದಾನೆ? ಹೊಸ ಟ್ರಾಲಿ ಬ್ಯಾಗಾ, ಇಲ್ಲಾ ಅಪ್ಪ ಪೇಟೆಗೆ ತಗೊಂಡು ಹೋಗ್ತಿದ್ದ ಹಳೇ ಏರ್‌ಬ್ಯಾಗಾ? ಟ್ರಾಲಿ ಬ್ಯಾಗಿನ ಚಕ್ರ ಅಂಗಳದ ಮಣ್ಣಿನಲ್ಲಿ ಉರುಳಲ್ಲ, ಎತ್ತಿಕೊಂಡೇ ಹೋಗಬೇಕು. ಅಜ್ಜಿ ಅದನ್ನು ಜಗಲಿಯಿಂದ ನೋಡ್ತಾಳೆ. ಅಷ್ಟು ಸಾಕು, ಅರ್ಧ ಕಥೆ ಮುಗಿಯಿತು.

ನಾಯಕಿ ಯಾಕೆ ಇದ್ದಾಳೆ ಅಂತ ನೀವು ಎಲ್ಲೂ ಹೇಳಿಲ್ಲ.

ಹೊಳೆಬದಿ_ಹುಡುಗ:
ಹಾಡು ಅಂದಮೇಲೆ ನಾಯಕಿ ಬೇಕಲ್ವಾ ಅಂತ...

ಹಾಡು_ಬರೆದವಳು:
ನಾನೇ ಹಾಡು ಬರೆದವಳು. ಅಕೌಂಟ್ ಈಗಷ್ಟೇ ಮಾಡಿದೆ. ನನ್ನ ಹಾಡಿನಲ್ಲಿ ನಾಯಕಿ ಇಲ್ಲ!! ಎರಡು ತಿಂಗಳಿಂದ ಹೇಳ್ತಾ ಇದ್ದೀನಿ, ಇವರು ಕೇಳ್ತಿಲ್ಲ.

ಉಂಬಳ77:
ಹ್ಹಹ್ಹಹ್ಹಾ. ಈಗ ಚರ್ಚೆಗೆ ಕಳೆ ಬಂತು.

ಹೊಳೆಬದಿ_ಹುಡುಗ:
ಮಾರಾಯ್ತಿ, ಮನೆಯಲ್ಲಿ ಮಾತಾಡೋಣ ಅಂದಿದ್ನಲ್ಲಾ.

ಶಾಲೆ_ಬಿಟ್ಟ_ಮಾಸ್ತರು:
ಹಾಡಿನ ನಾಲ್ಕು ಸಾಲು ಇಲ್ಲಿ ಹಾಕಮ್ಮ. ಹಾಡನ್ನೇ ನೋಡದೆ ನಾವೆಲ್ಲ ಲೊಕೇಶನ್ ಹುಡುಕುತ್ತಿದ್ದೇವೆ.

ಹಾಡು_ಬರೆದವಳು:
ಪಲ್ಲವಿ ಇದು ಸರ್:

ಮಳೆ ನಿಂತ ಮೇಲೂ ಸೂರು ತೊಟ್ಟಿಕ್ಕುತಿದೆ
ಒಲೆ ಆರಿದ ಮೇಲೂ ಬೂದಿ ಬೆಚ್ಚಗಿದೆ
ಹೋಗಿ ಬಾ ಅಂದವರು ಬಾಗಿಲಲ್ಲೇ ನಿಂತು
ಹೊಳೆ ದಾಟಿದರೂ ದೀಪ ಆರಿಸದೆ ಇದೆ

ಕೊನೇ ಸಾಲು ಸ್ವಲ್ಪ ಎಳೆದ ಹಾಗಿದೆ, ಗೊತ್ತು. ರಾಗಕ್ಕೆ ಕೂರಲಿ ಅಂತ ಹಾಗೆ.

ಶಾಲೆ_ಬಿಟ್ಟ_ಮಾಸ್ತರು:
ಚೆನ್ನಾಗಿದೆ. 'ಆರಿಸದೆ ಇದೆ' ಅಂದರೆ ಯಾರು ಆರಿಸಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. 'ದೀಪ ಉರಿಯುತಿದೆ' ಅಂತ ಸರಳವಾಗಿ ಹೇಳಿದರೂ ಆಗುತ್ತದೆ. ನಿನ್ನಿಷ್ಟ.

ಫೋಕಸ್_ತಪ್ಪಿದವ:
ಸ್ವಲ್ಪ ನಿಲ್ಲಿ. ಹಾಡು ಹೇಳ್ತಿರೋದು 'ಮಳೆ ನಿಂತ ಮೇಲೂ' ಅಂತ. ಮಳೆ ಬೇಡವೇ ಬೇಡ! ಸೂರಿನಿಂದ ಹನಿ ಬಿದ್ದರೆ ಸಾಕು. ಎರಡು ದಿನದಿಂದ ಟ್ಯಾಂಕರ್, ಫೈರ್ ಎಂಜಿನ್ ಅಂತ ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕ್ತಿದ್ದೆ.

ಹೀಗೆ ಮಾಡಿ. ಹೆಂಚಿನ ಮನೆ ನೋಡಿಕೊಳ್ಳಿ. ತೋಟಕ್ಕೆ ಹಾಕುವ ಡ್ರಿಪ್ ಪೈಪ್ ನಿಮ್ಮಲ್ಲೇ ಯಾರ ಮನೆಯಲ್ಲಾದರೂ ಇರುತ್ತೆ. ಅದನ್ನು ಸೂರಿನ ಅಂಚಿಗೆ, ಹೆಂಚಿನ ಮೇಲೆ, ಕ್ಯಾಮೆರಾಗೆ ಕಾಣದ ಹಾಗೆ ಮಲಗಿಸಿ. ಮೇಲೆ ಒಂದು ಡ್ರಮ್ ನೀರು. ಹೆಂಚಿನ ಸಾಲುಸಾಲಿನಿಂದ ಹನಿ ಬೀಳುತ್ತೆ.

ಮುಖ್ಯ ವಿಷಯ: ನೀರಿನ ಹನಿ ಕಾಣಬೇಕಾದರೆ ಬೆಳಕು ಹನಿಯ ಹಿಂದಿನಿಂದ ಬರಬೇಕು, ಹನಿಯ ಹಿಂದೆ ಕಪ್ಪಾದ ಏನಾದರೂ ಇರಬೇಕು. ಎದುರಿನಿಂದ ಬೆಳಕು ಬಿದ್ದರೆ ಎಷ್ಟು ನೀರು ಸುರಿದರೂ ಕ್ಯಾಮೆರಾಗೆ ಕಾಣಲ್ಲ. ಸಂಜೆ ಐದೂವರೆ ಮೇಲೆ, ಪಡುವಣಕ್ಕೆ ಅಂಗಳ ಇರುವ ಮನೆಯಾದರೆ ಜಗಲಿ ಒಳಗಿನಿಂದ ಹೊರಗೆ ಕ್ಯಾಮೆರಾ ಇಟ್ಟು ತೆಗೆಯಿರಿ. ಎದುರಿಗೆ ತೋಟದ ನೆರಳು ಕಪ್ಪಗಿರುತ್ತೆ, ಹನಿ ಬೆಳ್ಳಗೆ ಹೊಳೆಯುತ್ತೆ. ಅಂಗಳದ ಮಣ್ಣಿಗೆ ಮೊದಲೇ ಚೆನ್ನಾಗಿ ನೀರು ಹೊಡೆದಿರಿ. ಒಣ ಅಂಗಳದಲ್ಲಿ ಹನಿ ಬಿದ್ದರೆ ಸುಳ್ಳು ಗೊತ್ತಾಗುತ್ತೆ.

ಅಡಿಕೆಮರ:
ಇನ್ನೊಂದು ಸುಳ್ಳು ಗೊತ್ತಾಗೋದು ಚಪ್ಪರದಿಂದ. ನಮ್ಮ ಕಡೆ ಮನೆ ಎದುರು ಅಡಿಕೆ ಒಣಗಿಸುವ ಚಪ್ಪರ ಬೇಸಿಗೆವರೆಗೂ ಇರುತ್ತೆ, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ. ನೀವು ಏಪ್ರಿಲ್‌ನಲ್ಲಿ ಹೋದರೆ ಚಪ್ಪರ ಹಾಗೇ ನಿಂತಿರುತ್ತೆ. ಮಳೆಗಾಲ ಅಂತ ತೋರಿಸಿ ಹಿಂದೆ ಚಪ್ಪರ ಕಂಡರೆ ಸಾಗರದಲ್ಲಿ ನೋಡಿದ ಪ್ರತಿಯೊಬ್ಬರೂ ಕೇಳ್ತಾರೆ. ಅದರ ಬದಲು ಗೋಡೆಗೆ ಇರಚಲು ಹೊಡೆಯದ ಹಾಗೆ ಸೋಗೆ, ಅಂದರೆ ಅಡಿಕೆ ಗರಿ, ಕಟ್ಟಿರಬೇಕು. ಸೋಗೆ ನಮ್ಮ ತೋಟದಲ್ಲೇ ಬಿದ್ದಿದೆ, ಬೇಕಾದರೆ ಬಂದು ತಗೊಂಡು ಹೋಗಿ. ಕಟ್ಟೋಕೆ ಒಬ್ಬ ಗೊತ್ತಿರುವವರನ್ನು ಕರೀರಿ, ನಿಮ್ಮ ಐದು ಜನಕ್ಕೆ ಅದು ಬರಲ್ಲ.

ಹೊಳೆಬದಿ_ಹುಡುಗ:
ನನಗೆ ಬರುತ್ತೆ.

ಅಡಿಕೆಮರ:
ನೋಡೋಣ.

ಡ್ರೋನ್_ದಾಸ:
ಹೊಳೆ ಮೇಲಿಂದ ಒಂದು ಡ್ರೋನ್ ಶಾಟ್ ಇರಲಿ. ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ, ಕೇಬಲ್ ಕಟ್ಟಿದ ಕಂಬಗಳು, ಮೇಲಿಂದ ಹಬ್ಬ. ನನ್ನ ಹತ್ತಿರ 249 ಗ್ರಾಮಿನದು ಇದೆ. 250 ಗ್ರಾಮಿನವರೆಗೆ ನ್ಯಾನೋ ವರ್ಗ, ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ.

ಶಾಲೆ_ಬಿಟ್ಟ_ಮಾಸ್ತರು:
ಸರ್ಟಿಫಿಕೇಟ್ ಬೇಡ ಅಂದರೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ಅಣೆಕಟ್ಟು, ವಿದ್ಯುತ್ ಯೋಜನೆ, ಅಭಯಾರಣ್ಯ ಎಲ್ಲವೂ ಅಕ್ಕಪಕ್ಕ ಇರುವ ಪ್ರದೇಶ ಅದು. ಹಾರಿಸುವ ಮೊದಲು ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಸ್ಥಳೀಯ ಠಾಣೆಯಲ್ಲೂ ಕೇಳಿ.

ಹಾಡು_ಬರೆದವಳು:
ಡ್ರೋನ್ ಬೇಡ. ಬಾಗಿಲಲ್ಲಿ ನಿಂತ ಅಜ್ಜಿಗೆ ಮೇಲಿಂದ ಏನು ಕಾಣುತ್ತೆ?

ನಾಟಕದ_ಹುಚ್ಚು:
👏👏 ಈ ಹುಡುಗಿಯನ್ನೇ ಡೈರೆಕ್ಟರ್ ಮಾಡಿ.

ಡ್ರೋನ್_ದಾಸ:
ಆಯ್ತಪ್ಪ. ಬೇಡ ಅಂದರೆ ಬೇಡ. 🙄

ಕುಮಟಾ_ಗಾಳಿ:
ವಿಷಯ ಬೇರೆ, ಆದರೂ ಕೇಳ್ತೀನಿ. ನಮ್ಮ ಕಾಲೇಜಿನಲ್ಲೂ ಹಾಡಿನ ವಿಡಿಯೊ ಮಾಡಬೇಕು. ಹಾಡು ಬರೆಯುವವರು ಯಾರೂ ಇಲ್ಲ. ಶಿಶುನಾಳ ಶರೀಫರ ತತ್ವಪದ ತಗೊಂಡರೆ ಕಾಪಿರೈಟ್ ತೊಂದರೆ ಇಲ್ಲ ಅಲ್ವಾ?

ಫೋಕಸ್_ತಪ್ಪಿದವ:
ಪದಕ್ಕೆ ಇಲ್ಲ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ, ಶರೀಫರು ಹೋಗಿದ್ದು 1889ರಲ್ಲಿ. ಆದರೆ ನಿಮ್ಮ ತಲೆಯಲ್ಲಿ ಈಗ ಓಡ್ತಿರೋ ರಾಗ ಇದೆಯಲ್ಲ, ಅದು ಬಹುಶಃ ಕ್ಯಾಸೆಟ್ ಕಾಲದಲ್ಲಿ ಯಾರೋ ಕಂಪೋಸ್ ಮಾಡಿದ್ದು. ರಾಗಕ್ಕೆ ಬೇರೆ ಹಕ್ಕು, ರೆಕಾರ್ಡಿಂಗಿಗೆ ಬೇರೆ ಹಕ್ಕು. ಪದ ತಗೊಳ್ಳಿ, ರಾಗ ನೀವೇ ಹಾಕಿ. ಬೇಂದ್ರೆಯವರದ್ದು ಅಂತ ಹೋಗಬೇಡಿ, ಅವರು ತೀರಿಕೊಂಡಿದ್ದು 1981ರಲ್ಲಿ, ಇನ್ನೂ ಸಮಯ ಇದೆ.

ಕುಮಟಾ_ಗಾಳಿ:
ಥ್ಯಾಂಕ್ಸ್. ನಾನು ಕ್ಯಾಸೆಟ್ ರಾಗವನ್ನೇ ಯೋಚಿಸಿದ್ದೆ.

ಗೀತಕ್ಕ_ಹೆಗ್ಗೋಡು_ರಸ್ತೆ:
ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೀನಿ. ನಿಮ್ಮ ತಂಡದಲ್ಲಿ ಹುಡುಗಿಯರು ಎಷ್ಟು ಜನ? ಹೊಳೆದಂಡೆಯಲ್ಲಿ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ನಿಲ್ಲಿಸ್ತೀರಲ್ಲ, ಬಾತ್‌ರೂಮ್ ಎಲ್ಲಿ? ಬಟ್ಟೆ ಬದಲಿಸೋದು ಎಲ್ಲಿ? ಅಜ್ಜಿ ಪಾತ್ರದವರು ಕೂರೋದು ಎಲ್ಲಿ? ಜಾಗ ನೋಡೋಕೆ ಹೋದಾಗ ವ್ಯೂ ನೋಡೋ ಮೊದಲು ಇದನ್ನು ನೋಡಿ. ನಾನು ಹಿಂದೆ ಒಂದು ಕಿರುಚಿತ್ರದಲ್ಲಿ ಕೆಲಸ ಮಾಡಿದ್ದೆ. ಎರಡು ದಿನ ನೀರೇ ಕುಡಿಯಲಿಲ್ಲ, ಮೂರನೇ ದಿನ ಆಸ್ಪತ್ರೆ. ಡೈರೆಕ್ಟರ್ ಮಹಾಶಯರಿಗೆ ಈ ಕಾರಣ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು. ಹಿನ್ನೀರು ಇಳಿದ ಜಾಗದಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಂಡರೂ ಕೆಳಗೆ ಹೂಳು. ಮೊಣಕಾಲವರೆಗೆ ಇಳಿಯುತ್ತೆ. ಆ ಊರಿನ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳದೆ ನೀರಿನ ಹತ್ತಿರ ಹೋಗಬೇಡಿ.

ಹೊಳೆಬದಿ_ಹುಡುಗ:
ಇಬ್ಬರು ಹುಡುಗಿಯರು ಇದ್ದಾರೆ ಅಕ್ಕ. ನಿಜವಾಗಿಯೂ ಇದನ್ನು ಯೋಚಿಸಿರಲಿಲ್ಲ. ತೋಟದ ಮನೆಯನ್ನೇ ಮುಖ್ಯ ಜಾಗ ಮಾಡಿದರೆ ಇದೆಲ್ಲ ಸರಿಹೋಗುತ್ತೆ ಅನ್ನಿಸುತ್ತಿದೆ.

ರೈಲುಬಸ್_ಪ್ರೇಮಿ:
ನೀರು ಇಳಿದ ಹೊಳೆ ಅಂದಾಗ ನೆನಪಾಯ್ತು. ಮಡೆನೂರು ಡ್ಯಾಂ ನೋಡಿದ್ದೀರಾ? ಲಿಂಗನಮಕ್ಕಿಗಿಂತ ಮೊದಲು, 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು. ದೊಡ್ಡ ಡ್ಯಾಂ ಬಂದಮೇಲೆ ಚಿಕ್ಕ ಡ್ಯಾಂ ಅದರ ಹಿನ್ನೀರಿನಲ್ಲೇ ಮುಳುಗಿತು. ಲಿಂಗನಮಕ್ಕಿಯ ಪೂರ್ತಿ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಹಳೇ ಡ್ಯಾಂ ಎದ್ದು ನಿಲ್ಲುತ್ತೆ, ಹೆಚ್ಚಾದ ನೀರನ್ನು ಹೊರಗೆ ಬಿಡುತ್ತಿದ್ದ ಅದರ ಸೈಫನ್‌ಗಳು ಕಾಣಿಸುತ್ತವೆ. ಏಪ್ರಿಲ್ ನಿಮಗೆ ಶಾಪ ಅಂದುಕೊಂಡಿದ್ದಿರಿ. ಮಳೆಗಾಲದಲ್ಲಿ ಯಾರಿಗೂ ಸಿಗದ ಜಾಗ ಅದು.

ಡ್ರೋನ್_ದಾಸ:
ಅಲ್ಲಿಗಾದರೂ ಡ್ರೋನ್...

ಉಂಬಳ77:
ದಾಸಾ, ಕೂತ್ಕೋ.

ತುಮರಿ_ಕಡೆಯವಳು:
ಮಡೆನೂರು ತೋರಿಸಿದರೆ ನನಗೇನೋ ಇಷ್ಟ. ನನ್ನ ಅಜ್ಜಿ ಹೇಳ್ತಿದ್ದರು, ಮುಳುಗಡೆಯಾದ ಮನೆಯ ಬಾಗಿಲು ಕಿತ್ತು ಹೊಸ ಮನೆಗೆ ಹಾಕಿಕೊಂಡಿದ್ದರು. ಹೊಸ ಮನೆಯ ಗೋಡೆಗೆ ಆ ಬಾಗಿಲು ಗಿಡ್ಡ, ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಈಗಲೂ ಇದೆ ಆ ಬಾಗಿಲು. ನನ್ನ ಗಂಡ ಮದುವೆಯಾದ ಹೊಸದರಲ್ಲಿ ಮೂರು ಸಲ ಹಣೆ ಚಚ್ಚಿಕೊಂಡರು.

ಹಾಡು_ಬರೆದವಳು:
ಅಕ್ಕ. ಆ ಬಾಗಿಲು ನಮಗೆ ಕೊಡ್ತೀರಾ? ಅಂದರೆ ಆ ಮನೆಯಲ್ಲಿ ಶೂಟ್ ಮಾಡಬಹುದಾ? 'ಬಾಗಿಲಲ್ಲೇ ನಿಂತು' ಅನ್ನುವ ಸಾಲು ಅದಕ್ಕೇ ಬರೆದ ಹಾಗಿದೆ.

ತುಮರಿ_ಕಡೆಯವಳು:
ಮೆಸೇಜ್ ಮಾಡು. ಅಣ್ಣನ ಹತ್ತಿರ ಕೇಳಬೇಕು. ಅತ್ತಿಗೆ ಒಪ್ಪಿದರೆ ಅಣ್ಣ ಒಪ್ಪಿದ ಹಾಗೆ.

ಫೋಕಸ್_ತಪ್ಪಿದವ:
ನಾಲ್ಕು ತಾಂತ್ರಿಕ ವಿಷಯ ಹೇಳಿಬಿಡ್ತೀನಿ, ಆಮೇಲೆ ಮರೀತೀನಿ. ಮನೆ ಒಳಗೆ ಟ್ಯೂಬ್‌ಲೈಟ್, ಎಲ್ಇಡಿ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, 30 ಫ್ರೇಮ್‌ನಲ್ಲಿ ಶಟರ್ ಹೆಚ್ಚುಕಮ್ಮಿ ಆದರೆ ಬೆಳಕು ಮಿಣಮಿಣ ಅನ್ನುತ್ತೆ. ತುಟಿ ಚಲನೆ ಇರುವ ಶಾಟ್ ಸ್ಲೋ ಮೋಷನ್ ಬೇಕು ಅಂದರೆ 50 ಫ್ರೇಮ್‌ನಲ್ಲಿ ತೆಗೆದು, ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಹಾಡುವವನು ಆ ವೇಗಕ್ಕೇ ತುಟಿ ಆಡಿಸಬೇಕು. ಆಮೇಲೆ ಎಡಿಟಿಂಗ್‌ನಲ್ಲಿ ಅರ್ಧ ವೇಗಕ್ಕೆ ತಂದರೆ ಸರಿ ಕೂರುತ್ತೆ. ಸೆಟ್‌ನಲ್ಲಿ ನೋಡೋಕೆ ಅಳಿಲು ಹಾಡಿದ ಹಾಗಿರುತ್ತೆ, ನಗು ತಡ್ಕೊಳ್ಳಿ.

ಎಂಜಿನ್ ಪಕ್ಕದಲ್ಲಿ ಶೂಟ್ ಮಾಡಿದರೆ ಸ್ಪೀಕರ್ ಕೇಳಲ್ಲ. ನಾವು ಒಂದು ಸಲ ದೋಣಿಯಲ್ಲಿ ಇಡೀ ಚರಣ ತೆಗೆದೆವು. ಮನೆಗೆ ಬಂದು ನೋಡಿದರೆ ಹುಡುಗ ಬೇರೆಯೇ ಸಾಲು ಹಾಡ್ತಿದ್ದಾನೆ. ಕ್ಯಾಮೆರಾಗೆ ಕಾಣದ ಕಿವಿಗೆ ಒಂದು ಇಯರ್‌ಫೋನ್ ಹಾಕಿ.

ನಾಟಕದ_ಹುಚ್ಚು:
ಅಜ್ಜಿ ಪಾತ್ರಕ್ಕೆ ಯಾರು? ಹೆಗ್ಗೋಡು ಪಕ್ಕದಲ್ಲೇ ಇದೆ. ನೀನಾಸಂ ನಾಟಕ ಸಂಸ್ಥೆ 1949ರಿಂದ ಇರುವ ಊರು ಅದು, ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಮಾಡಿದ ಹಿರಿಯರು ಬೇಕಾದಷ್ಟು ಜನ. ಇಪ್ಪತ್ತು ವರ್ಷದ ಹುಡುಗಿಗೆ ಪೌಡರ್ ಬಳಿದು ಅಜ್ಜಿ ಮಾಡಬೇಡಿ, ಕೈ ನೋಡಿದರೆ ಗೊತ್ತಾಗುತ್ತೆ.

ಹಾಡು_ಬರೆದವಳು:
ನನಗೆ ನಟನೆ ಮಾಡಿದವರು ಬೇಡ ಅನ್ನಿಸುತ್ತೆ. ಬಾಗಿಲು ಯಾರದೋ ಅವರೇ ನಿಲ್ಲಬೇಕು.

ನಾಟಕದ_ಹುಚ್ಚು:
ಒಪ್ಪಲ್ಲ. ನಟನೆ ಗೊತ್ತಿಲ್ಲದವರು ಮೊದಲ ಟೇಕ್ ಚೆನ್ನಾಗಿ ಮಾಡ್ತಾರೆ. ಎರಡನೆಯದರಲ್ಲಿ ಕ್ಯಾಮೆರಾ ನೋಡ್ತಾರೆ, ಮೂರನೆಯದರಲ್ಲಿ 'ಊಟ ಮಾಡಿದ್ರಾ' ಅಂತ ನಿಮ್ಮನ್ನೇ ಕೇಳ್ತಾರೆ.

ಗೀತಕ್ಕ_ಹೆಗ್ಗೋಡು_ರಸ್ತೆ:
ಹಾಗಾದರೆ ಮೊದಲ ಟೇಕ್ ಸರಿಯಾಗಿ ತೆಗೀರಿ. ಹಿರಿಯರನ್ನು ಹತ್ತು ಸಲ ನಿಲ್ಲಿಸೋದು ಬೇಡ. ಕೆಲಸ ಕೊಡಿ ಅವರಿಗೆ. ಅಕ್ಕಿ ಆರಿಸಲಿ, ದೀಪದ ಬತ್ತಿ ಹೊಸೆಯಲಿ. ಕೈಯಲ್ಲಿ ಕೆಲಸ ಇದ್ದರೆ ಕ್ಯಾಮೆರಾ ಮರೆತುಹೋಗುತ್ತೆ.

ಹೊಳೆಬದಿ_ಹುಡುಗ:
ಎಲ್ಲರೂ ಕೂತು ಹೊಸ ಪ್ಲಾನ್ ಮಾಡಿದ್ದೇವೆ. ನಿನ್ನೆ ಜಾಗ ನೋಡಿಕೊಂಡೂ ಬಂದೆವು. ಅಕ್ಕನ ಅತ್ತಿಗೆ ಒಪ್ಪಿದರು!

ಪಾತ್ರ ಎರಡೇ: ಹುಡುಗ, ಅಜ್ಜಿ. ಜಾಗ ಎರಡು: ಗಿಡ್ಡ ಬಾಗಿಲಿನ ಮನೆ, ಪಕ್ಕದ ಹೊಳೆದಂಡೆ. ಲಾಂಚ್ ತೋರಿಸುವುದಿಲ್ಲ. ಕತ್ತಲಾಗುವ ಹೊತ್ತಿಗೆ ದಡದಲ್ಲಿ ಜೀಪಿನ ಹೆಡ್‌ಲೈಟ್ ಹಾಕಿ ಆರಿಸುತ್ತಾರೆ, ದೂರದಲ್ಲಿ ಎಂಜಿನ್ ಸದ್ದು ಮಾತ್ರ ಕೇಳುತ್ತೆ, ಅಲ್ಲಿಂದ ಹಾಡು ಶುರು. ಅಕ್ಕ, ನಿಮ್ಮ ಅಪ್ಪನ ಹೆಡ್‌ಲೈಟ್ ಬಳಸಿಕೊಳ್ಳಬಹುದಾ ಅಂತ ಕೇಳೋಕೇ ಸಂಕೋಚ ಆಗ್ತಿದೆ. ಕೊನೆಯಲ್ಲಿ ಹುಡುಗ ಬೆಂಗಳೂರಿನಿಂದ ಬಂದು ಸೇತುವೆ ಮೇಲೆ ಬಸ್ಸಿನಲ್ಲೇ ಹೊಳೆ ದಾಟುತ್ತಾನೆ. ಐದು ನಿಮಿಷವೂ ಹಿಡಿಯಲ್ಲ. ಬಸ್ಸಿನ ಒಳಗಿನಿಂದ ಮೊಬೈಲಿನಲ್ಲಿ ತೆಗೀತೀವಿ. ಬಾಗಿಲಿನಲ್ಲಿ ತಲೆ ಬಗ್ಗಿಸೋದು ಮರೆತು ಹಣೆ ಚಚ್ಚಿಕೊಳ್ಳುತ್ತಾನೆ. ಅಷ್ಟೇ. ಮಡೆನೂರಿಗೆ ನೀರು ಇನ್ನೂ ಇಳಿದಿಲ್ಲ, ಅದನ್ನು ಬಿಟ್ಟೆವು.

ನಾಯಕಿ ಇಲ್ಲ. ಪೋಸ್ಟ್‌ಮ್ಯಾನ್ ಮನೆಗೆ ಹೋದ.

ತುಮರಿ_ಕಡೆಯವಳು:
ಬಳಸಿಕೊಳ್ಳಿ. ಅಪ್ಪನಿಗೆ ಓದಿ ಹೇಳಿದೆ. 'ಜೀಪ್ ಯಾವುದು ತರ್ತಾರಂತೆ' ಅಂತ ಕೇಳಿದರು. ಅವರಿಗೆ ಅದೇ ಚಿಂತೆ.

ಫೋಕಸ್_ತಪ್ಪಿದವ:
ಹೆಡ್‌ಲೈಟ್ ಶಾಟಿಗೆ ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಕಾಶ ನೀಲಿ ಇರುತ್ತೆ, ಆಗ ತೆಗೀರಿ. ಕತ್ತಲಾದರೆ ಎರಡು ಲೈಟ್ ಬಿಟ್ಟು ಏನೂ ಕಾಣಲ್ಲ. ಇಪ್ಪತ್ತೇ ನಿಮಿಷ, ಎರಡು ದಿನಕ್ಕೂ ಅದೊಂದೇ ಶಾಟ್ ಆ ಹೊತ್ತಿಗೆ ಇಟ್ಟುಕೊಳ್ಳಿ.

ಅಡಿಕೆಮರ:
ಸೋಗೆ ಯಾರು ಕಟ್ಟಿದ್ದು?

ಹೊಳೆಬದಿ_ಹುಡುಗ:
ನಾನೇ. ಅಜ್ಜಿ ನೋಡಿ ಬಿಚ್ಚಿಸಿ ಮತ್ತೆ ಕಟ್ಟಿಸಿದರು.

ಉಂಬಳ77:
ಅಜ್ಜಿ ಯಾರು ಕೊನೆಗೆ? ಆ ಮನೆಯವರೇನಾ?

ಹಾಡು_ಬರೆದವಳು:
ಹೌದು, ಅಕ್ಕನ ಅಮ್ಮನೇ. ಅವತ್ತು ಜೀಪಿನಲ್ಲಿ ಮಲಗಿದ್ದವರು. ಒಪ್ಪಿದ್ದಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ. ನಾವು ಮನೆಯಲ್ಲಿ ಉಡುವ ಹತ್ತಿ ಸೀರೆ ಅಂತ ಹೇಳಿದ್ದೆವು. ಅವರು ಪೆಟ್ಟಿಗೆಯಿಂದ ಕೆಂಪು ರೇಷ್ಮೆ ಸೀರೆ ತೆಗೆದು ಇಟ್ಟಿದ್ದಾರೆ. ಟಿವಿಯಲ್ಲಿ ಬರೋದಕ್ಕೆ ಹಳೇ ಸೀರೆ ಉಡೋಕೆ ಆಗುತ್ತಾ ಅಂತ.

ನಾಟಕದ_ಹುಚ್ಚು:
ಮಗ ಊರು ಬಿಟ್ಟು ಹೋಗೋ ದಿನ ಅಜ್ಜಿ ರೇಷ್ಮೆ ಸೀರೆ ಉಟ್ಟಿದ್ದರೆ? ಯೋಚನೆ ಮಾಡಿ. ಅದು ತಪ್ಪೇನೂ ಅಲ್ಲ.

ಗೀತಕ್ಕ_ಹೆಗ್ಗೋಡು_ರಸ್ತೆ:
ಮೊಮ್ಮಗ.

ನಾಟಕದ_ಹುಚ್ಚು:
ಮೊಮ್ಮಗ, ಮೊಮ್ಮಗ.

ತುಮರಿ_ಕಡೆಯವಳು:
ಆ ಕೆಂಪು ಸೀರೆ ನಾನು ಕೊಡಿಸಿದ್ದು. ಇಷ್ಟು ವರ್ಷ ಒಂದು ಸಲವೂ ಉಟ್ಟಿಲ್ಲ. ಡ್ರಿಪ್ ಪೈಪಿನ ನೀರು ಅದರ ಮೇಲೆ ಬಿದ್ದರೆ ನಿಮ್ಮಲ್ಲಿ ಒಬ್ಬರನ್ನೂ ಬಿಡಲ್ಲ, ಈಗಲೇ ಹೇಳಿರ್ತೀನಿ.